ರಾಗಿ ಹೊಲದ ಅಕ್ಕಡಿ ಸಾಲುಗಳು: ಮನೆಯ ಊಟಕ್ಕೂ ಮಣ್ಣಿನ ಸತ್ವಕ್ಕೂ ಒಂದೇ ಬಿತ್ತನೆ

ಕರ್ನಾಟಕದ ಪೂರ್ವ ಮತ್ತು ದಕ್ಷಿಣ ಒಣವಲಯಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಹಳೆಯದಲ್ಲ. ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಸಾಸಿವೆ ಮತ್ತು ಜೋಳ, ಬದುವಿನ ಅಂಚಿಗೆ ಹುಚ್ಚೆಳ್ಳು ಮತ್ತು ಹರಳು ಹಾಕುವುದು ಈ ಸೀಮೆಯ ಕ್ರಮ. ಇದನ್ನು ರೈತರು ಅಕ್ಕಡಿ ಬೇಸಾಯ ಎಂದು ಕರೆಯುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕೂರಿಗೆಯಿಂದ ರಾಗಿಯನ್ನು ಬಿತ್ತುತ್ತಾ ಅದರ ಹಿಂದೆಯೇ ಬೇರೊಂದು ಕೊಳವೆಯಿಂದ ದ್ವಿದಳ ಧಾನ್ಯದ ಬೀಜವನ್ನು ಸಾಲಿಗೆ ಬಿಡುವುದನ್ನು ಕಂಡು ದಾಖಲಿಸಿದ್ದಾನೆ. ಇಂದಿಗೂ ಕೆಲವು ಊರುಗಳಲ್ಲಿ ಸಡ್ಡೆ ಎಂಬ ಹೆಸರಿನಿಂದ ಆ ಕೊಳವೆ ಉಳಿದಿದೆ.

ಸಡ್ಡೆ ಉಳಿದಿದ್ದರೂ ಸಾಲುಗಳು ಹಲವೆಡೆ ಉಳಿದಿಲ್ಲ. ಕಟಾವು ಯಂತ್ರಕ್ಕೆ ಅಡ್ಡಿಯಾಗುತ್ತದೆಂದು ಅವರೆಯನ್ನು ಬಿಟ್ಟವರಿದ್ದಾರೆ. ಕಳೆನಾಶಕ ಸಿಂಪಡಿಸಿದಾಗ ಸಾಯುತ್ತದೆಂದು ತೊಗರಿಯನ್ನು ಬಿಟ್ಟವರಿದ್ದಾರೆ. ಆಳಿನ ಕೊರತೆಯಿಂದ ಎರಡನ್ನೂ ಬಿಟ್ಟವರೇ ಹೆಚ್ಚು. ಇದರ ಪರಿಣಾಮವನ್ನು ಹೊಲದಲ್ಲಿ ಹುಡುಕುವುದಕ್ಕಿಂತ ಅಡುಗೆಮನೆಯಲ್ಲಿ ನೋಡುವುದು ಸುಲಭ. ರಾಗಿಯನ್ನು ಖರೀದಿ ಕೇಂದ್ರಕ್ಕೆ ಕೊಟ್ಟ ಕುಟುಂಬವೇ ಅದೇ ವಾರ ಅಂಗಡಿಯಿಂದ ಬೇಳೆ, ಎಣ್ಣೆ ಮತ್ತು ಸಾಸಿವೆಯನ್ನು ತರುತ್ತದೆ. ಬೇಳೆಯ ಬೆಲೆ ಏರಿದಾಗ ಮೊದಲು ತೆಳುವಾಗುವುದು ಮನೆಯ ಸಾರು. ಅಕ್ಕಡಿ ಸಾಲುಗಳನ್ನು ಇಂದಿನ ಯಂತ್ರ ಮತ್ತು ಕೂಲಿಯ ಪರಿಸ್ಥಿತಿಯಲ್ಲಿ ಮತ್ತೆ ಹೇಗೆ ತರಬಹುದು, ಎಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು, ಎಲ್ಲಿ ಮಾಡಿಕೊಳ್ಳಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಿತ್ತನೆಗೆ ಮೊದಲು ಮನೆಯ ಲೆಕ್ಕ

ಬೆಳೆ ಯೋಜನೆಯನ್ನು ಸಾಮಾನ್ಯವಾಗಿ ಮಾರುಕಟ್ಟೆಯಿಂದ ಆರಂಭಿಸಲಾಗುತ್ತದೆ. ಒಮ್ಮೆ ಊಟದ ತಟ್ಟೆಯಿಂದ ಆರಂಭಿಸಿ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಏಕದಳ ಹಾಗೂ ಸಿರಿಧಾನ್ಯ ಮತ್ತು 85 ಗ್ರಾಂ ಬೇಳೆಕಾಳುಗಳನ್ನು ಸೂಚಿಸುತ್ತದೆ. ಹೊಲದಲ್ಲಿ ದುಡಿಯುವವರಿಗೆ ಧಾನ್ಯ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಐದು ಜನರ ಕುಟುಂಬಕ್ಕೆ ಈ ಪ್ರಮಾಣದಲ್ಲಿ ವರ್ಷಕ್ಕೆ ಸುಮಾರು 456 ಕೆ.ಜಿ. ಧಾನ್ಯ ಮತ್ತು 155 ಕೆ.ಜಿ. ಬೇಳೆಕಾಳು ಆಗುತ್ತದೆ. ಧಾನ್ಯವನ್ನು ಒಂದು ಎಕರೆ ರಾಗಿಯೇ ಸಾಧಾರಣ ವರ್ಷದಲ್ಲಿಯೂ ಪೂರೈಸಿ ಮಿಗಿಸುತ್ತದೆ. ಕೊರತೆ ಇರುವುದು ಬೇಳೆಯಲ್ಲಿ.

ಈಗ ಅದೇ ಎಕರೆಯಲ್ಲಿ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಿದರೆ ಏನಾಗುತ್ತದೆಂದು ಎಣಿಸಿ. ಸಾಲಿನ ಅಂತರ 30 ಸೆಂ.ಮೀ. ಇದ್ದಾಗ ಒಂಬತ್ತು ಸಾಲುಗಳ ಅಗಲ 2.7 ಮೀಟರ್. ಒಂದು ಎಕರೆಯಲ್ಲಿ ಅವರೆ ಸಾಲಿನ ಒಟ್ಟು ಉದ್ದ ಸುಮಾರು 1,500 ಮೀಟರ್ ಬರುತ್ತದೆ. ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಉಳಿಸಿದರೆ 5,000 ಗಿಡಗಳು. ಗಿಡವೊಂದಕ್ಕೆ 15 ಗ್ರಾಂ ಒಣಕಾಳು ಎಂದು ಕಡಿಮೆಯಾಗಿಯೇ ಹಿಡಿದರೂ 75 ಕೆ.ಜಿ. ಆಗುತ್ತದೆ. ಕುಟುಂಬದ ಅಗತ್ಯದ ಅರ್ಧದಷ್ಟು ಬೇಳೆಕಾಳು ಒಂಬತ್ತರಲ್ಲಿ ಒಂದು ಸಾಲಿನಿಂದ ದೊರೆತಂತಾಯಿತು. ಇದು ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮ ಹೊಲದ ಇಳುವರಿ ಮಳೆ, ಮಂಜು ಮತ್ತು ಕಾಯಿಕೊರಕದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ನಡುವೆ ಹಸಿಕಾಯಿಯನ್ನು ಕಿತ್ತು ತಿಂದರೆ ಅಥವಾ ಮಾರಿದರೆ ಒಣಕಾಳು ಅಷ್ಟು ಕಡಿಮೆಯಾಗುವುದು ಸಹಜ.

ರಾಗಿ ಮತ್ತು ಕಾಳು ಒಂದೇ ತಟ್ಟೆಯಲ್ಲಿರಬೇಕಾದುದಕ್ಕೆ ರುಚಿಯ ಹೊರತಾಗಿ ಬೇರೆ ಕಾರಣವೂ ಇದೆ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿ.ಗ್ರಾಂನಷ್ಟು ಸುಣ್ಣಾಂಶವಿರುತ್ತದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು 10 ಮಿ.ಗ್ರಾಂ ಆಸುಪಾಸು. ಆದರೆ ರಾಗಿಯ ಸಸಾರಜನಕ ಶೇ. 7ರಷ್ಟು ಮಾತ್ರ, ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅವರೆ ಮತ್ತು ತೊಗರಿಯಲ್ಲಿ ಸಸಾರಜನಕ ಶೇ. 20ರಿಂದ 25ರಷ್ಟಿದ್ದು ಲೈಸಿನ್ ಸಮೃದ್ಧವಾಗಿದೆ. ಅವುಗಳಲ್ಲಿ ಕಡಿಮೆಯಿರುವ ಮಿಥಿಯೋನಿನ್ ರಾಗಿಯಲ್ಲಿ ದೊರೆಯುತ್ತದೆ. ಮುದ್ದೆಯ ಪಕ್ಕ ಅವರೆಕಾಳಿನ ಸಾರು ಇಟ್ಟವರು ಇದನ್ನು ಅಳೆದು ನೋಡಿರಲಿಲ್ಲ, ಆದರೆ ತಪ್ಪಿಯೂ ಇರಲಿಲ್ಲ.

ಮಣ್ಣು, ಗೊಬ್ಬರ ಮತ್ತು ತೇವ

ಪೂರ್ವ ಒಣವಲಯದಲ್ಲಿ ವರ್ಷಕ್ಕೆ ಸುಮಾರು 680ರಿಂದ 890 ಮಿ.ಮೀ. ಮಳೆಯಾಗುತ್ತದೆ. ಅದರಲ್ಲಿ ಮೇ ತಿಂಗಳಲ್ಲೊಂದು, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲೊಂದು ಹೀಗೆ ಎರಡು ಏರುಗಳಿವೆ. ನಡುವಿನ ಜೂನ್ ಮತ್ತು ಜುಲೈ ನಂಬಿಕೆಗೆ ಅರ್ಹವಲ್ಲ. ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ, ಮಳೆ ಬಿದ್ದು ಬಿಸಿಲಾದೊಡನೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಆದ್ದರಿಂದ ಈ ಹೊಲಗಳಲ್ಲಿ ಕೊಟ್ಟಿಗೆ ಗೊಬ್ಬರದ ಕೆಲಸ ಪೋಷಕಾಂಶ ಕೊಡುವುದಷ್ಟೇ ಅಲ್ಲ, ನೀರನ್ನು ಒಳಗೆ ಬಿಡುವುದೂ ಹೌದು.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಒಣಬೇಸಾಯ ಯೋಜನೆಯಲ್ಲಿ ರಾಗಿಗೆ ದಶಕಗಳಿಂದ ಒಂದೇ ಜಾಗದಲ್ಲಿ ಗೊಬ್ಬರದ ಪ್ರಯೋಗ ನಡೆದಿದೆ. ರಾಸಾಯನಿಕ ಗೊಬ್ಬರವನ್ನು ಮಾತ್ರ ಕೊಟ್ಟ ತಾಕುಗಳಲ್ಲಿ ಇಳುವರಿ ವರ್ಷ ಕಳೆದಂತೆ ಕುಸಿದಿದ್ದು, ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸಿನ ಗೊಬ್ಬರ ಕೊಟ್ಟ ತಾಕುಗಳಲ್ಲಿ ಸ್ಥಿರವಾಗಿ ಉಳಿದಿದೆ. ಎಕರೆಗೆ 3 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಮಣ್ಣಿಗೆ ಸೇರಿಸಿ. ಅಷ್ಟು ಗೊಬ್ಬರವಿಲ್ಲದವರು ಮೇ ತಿಂಗಳ ಮಳೆಗೆ ಸೆಣಬು ಅಥವಾ ಹುರುಳಿಯನ್ನು ಬಿತ್ತಿ, ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬಹುದು. ಅದೇ ಮಳೆಗೆ ಅಲಸಂದೆಯನ್ನು ಬೆಳೆದು ಕಾಯಿ ಕಿತ್ತುಕೊಂಡು, ಸೊಪ್ಪನ್ನು ಮಣ್ಣಿಗೆ ಸೇರಿಸಿ, ಅನಂತರ ರಾಗಿಯನ್ನು ನಾಟಿ ಮಾಡುವುದು ಇನ್ನೂ ಲಾಭದಾಯಕ.

ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕೆ.ಜಿ. ಸಾರಜನಕ, 16 ಕೆ.ಜಿ. ರಂಜಕ, 15 ಕೆ.ಜಿ. ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಚೀಲದ ಲೆಕ್ಕದಲ್ಲಿ ಇದು ಸುಮಾರು 35 ಕೆ.ಜಿ. ಡಿ.ಎ.ಪಿ., 30 ಕೆ.ಜಿ. ಯೂರಿಯಾ ಮತ್ತು 25 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್. ಯೂರಿಯಾದಲ್ಲಿ 8 ಕೆ.ಜಿ.ಯಷ್ಟನ್ನು ಮಾತ್ರ ಬಿತ್ತನೆಯ ಸಮಯದಲ್ಲಿ ಕೊಟ್ಟು, ಉಳಿದುದನ್ನು ನಾಲ್ಕು ವಾರದ ಬೆಳೆಗೆ ಮಣ್ಣಿನಲ್ಲಿ ತೇವವಿದ್ದಾಗ ಮೇಲುಗೊಬ್ಬರವಾಗಿ ರಾಗಿಯ ಸಾಲಿಗೆ ಮಾತ್ರ ಕೊಡಿ. ತೇವವಿಲ್ಲದಿದ್ದರೆ ಮಳೆಗೆ ಕಾಯುವುದೇ ಲೇಸು. ಮಣ್ಣು ಪರೀಕ್ಷೆ ಮಾಡಿಸಿದವರು ಅದರ ವರದಿಯಂತೆ ಪ್ರಮಾಣವನ್ನು ಬದಲಿಸಿಕೊಳ್ಳಬೇಕು.

ದ್ವಿದಳ ಬೆಳೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದು ನಿಜ. ಆದರೆ ಅವರೆ ಹಾಕಿದ ಮಾತ್ರಕ್ಕೆ ಅದೇ ಹಂಗಾಮಿನ ರಾಗಿಗೆ ಯೂರಿಯಾ ಬೇಡವೆಂಬ ಪ್ರಚಾರವನ್ನು ನಂಬಬೇಡಿ. ಉದುರಿದ ಎಲೆ ಮತ್ತು ಕೊಳೆತ ಬೇರುಗಳ ಪ್ರಯೋಜನ ಹೆಚ್ಚಾಗಿ ಮುಂದಿನ ಬೆಳೆಗೆ ದೊರೆಯುತ್ತದೆ.

ನೀರಿನ ವಿಷಯದಲ್ಲಿ ಲಾಭ ಅದೇ ವರ್ಷ ಕಾಣುತ್ತದೆ. ರಾಗಿಯ ಬೇರು ಮೇಲ್ಪದರದಲ್ಲಿ ಹರಡಿದರೆ ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಇಬ್ಬರೂ ಒಂದೇ ಕೊಡಕ್ಕೆ ಕೈಯಿಡುವುದಿಲ್ಲ. ತೊಗರಿಯು ಆಳದ ತೇವವನ್ನು ರಾತ್ರಿ ಹೊತ್ತು ಮೇಲ್ಪದರಕ್ಕೆ ಎತ್ತಿ, ಪಕ್ಕದ ರಾಗಿಗೂ ಅದರ ಪಾಲು ಸಿಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದರೊಂದಿಗೆ, ತೊಗರಿಯ ಜೋಡಿ ಸಾಲಿನ ನಡುವೆ ನೇಗಿಲಿನಿಂದ ಒಂದು ತೇವ ಸಂರಕ್ಷಣಾ ಸಾಲನ್ನು ತೆಗೆದರೆ ಹರಿದುಹೋಗುವ ನೀರು ಅಲ್ಲಿಯೇ ಇಂಗುತ್ತದೆ. ಇದನ್ನು ಇಳಿಜಾರಿಗೆ ಅಡ್ಡಲಾಗಿಯೇ ತೆಗೆಯಬೇಕು. ಇಳಿಜಾರಿನ ಉದ್ದಕ್ಕೆ ತೆಗೆದ ಸಾಲು ಮಣ್ಣನ್ನು ಹೊರಗೆ ಸಾಗಿಸುವ ಕಾಲುವೆಯಾಗುತ್ತದೆ.

ಯಾವ ಬೆಳೆಗೆ ಯಾವ ಜಾಗ

ಶಿಫಾರಸಿನಂತೆ ರಾಗಿ ಮತ್ತು ಅವರೆಗೆ 8:1, ರಾಗಿ ಮತ್ತು ತೊಗರಿಗೆ 8:2 ಅಥವಾ 10:2 ಸಾಲುಗಳ ಅನುಪಾತ ಸೂಕ್ತ. ಎರಡರಲ್ಲಿ ಒಂದನ್ನು ಆರಿಸುವಾಗ ಮಳೆ ಬಂದ ದಿನವನ್ನು ನೋಡಬೇಕು. ಬಿ.ಆರ್.ಜಿ.-1, ಬಿ.ಆರ್.ಜಿ.-2ರಂತಹ ತೊಗರಿ ತಳಿಗಳಿಗೆ ದೀರ್ಘ ಅವಧಿ ಬೇಕು. ಜುಲೈ ದಾಟಿ ಬಿತ್ತಿದ ತೊಗರಿ ಗಿಡ ಕುಳ್ಳಾಗಿ, ಕಾಯಿ ಕಟ್ಟುವ ವೇಳೆಗೆ ಮಣ್ಣು ಒಣಗಿರುತ್ತದೆ. ಅವರೆಯ ಸ್ವಭಾವ ಬೇರೆ. ನಾಟಿ ಅವರೆಯು ಹಗಲು ಚಿಕ್ಕದಾದಾಗ ಮಾತ್ರ ಹೂಬಿಡುತ್ತದೆ. ಸ್ವಲ್ಪ ಮುಂಚೆ ಬಿತ್ತಿದರೂ ತಡವಾಗಿ ಬಿತ್ತಿದರೂ ಹೂವು ಚಳಿಗಾಲದ ಹೊಸ್ತಿಲಿಗೇ ಬರುತ್ತದೆ. ಅಷ್ಟರಲ್ಲಿ ರಾಗಿ ಕಟಾವಾಗಿ ಜಾಗ, ಬೆಳಕು ಮತ್ತು ಹಿಂಗಾರಿನ ತೇವ ಅವರೆಯ ಪಾಲಾಗುತ್ತವೆ. ಮಂಜು ಬೀಳುವ ತಿಂಗಳುಗಳಲ್ಲಿ ಅದು ಹಬ್ಬಿ ಕಾಯಿ ಕಟ್ಟುತ್ತದೆ. ಚಳಿಯಲ್ಲಿ ಕಾಯಿಯ ಮೇಲೆ ಕಟ್ಟುವ ಜಿಡ್ಡಿನಿಂದ ಬರುವ ಸೊಗಡಿಗೆ ಮಾರುಕಟ್ಟೆಯಲ್ಲಿ ಪ್ರತ್ಯೇಕ ಬೆಲೆಯಿದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಅವಧಿಯನ್ನು ಅವಲಂಬಿಸದೆ ವರ್ಷದ ಯಾವ ಕಾಲದಲ್ಲಾದರೂ ಹೂಬಿಡುವ ಪೊದೆ ಮಾದರಿಯವು. ತರಕಾರಿಗಾಗಿ ಒಂಟಿಯಾಗಿ ಬೆಳೆಯಲು ಅವು ಉತ್ತಮ. ಆದರೆ ರಾಗಿ ಹೊಲದ ಅಕ್ಕಡಿಗೆ, ಕೈಕಟಾವು ಮಾಡುವವರಿಗೆ, ನಾಟಿ ಅವರೆಯೇ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹುಚ್ಚೆಳ್ಳನ್ನು ಹೊಲದ ಸುತ್ತ ಎರಡು ಸಾಲು ಹಾಕಿ. ದನಗಳು ಇದನ್ನು ಮೇಯಲು ಇಷ್ಟಪಡುವುದಿಲ್ಲವಾದ್ದರಿಂದ ದಾರಿಬದಿಯ ಹೊಲಗಳಿಗೆ ಇದು ಹಸಿರು ಬೇಲಿ. ಇದರ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ, ಜೇನುನೊಣ ಬೇಕು; ಹಾಗೆ ಬಂದ ಜೇನು ತೊಗರಿಗೂ ಹೋಗುತ್ತದೆ. ಹರಳನ್ನು ಅಂಚಿನಲ್ಲಿ ಐದಾರು ಅಡಿಗೊಂದರಂತೆ ಹಾಕಿದರೆ ಎಲೆ ತಿನ್ನುವ ಸ್ಪೊಡೋಪ್ಟೆರಾ ಕೀಟವು ಮೊದಲು ಅದರ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯ ಗುಂಪಿರುವ ಎಲೆಯನ್ನು ಕಿತ್ತು ನಾಶಪಡಿಸುವುದು ಸುಲಭ. ಅಲ್ಲಲ್ಲಿ ನಿಂತ ಜೋಳದ ಗಿಡಗಳ ಮೇಲೆ ಹಕ್ಕಿಗಳು ಕುಳಿತು ಹುಳುಗಳನ್ನು ಆರಿಸುತ್ತವೆ. ಸಾಸಿವೆಯನ್ನು ಹಿಡಿಯಷ್ಟು ಮಾತ್ರ ಹಾಕಿ. ದಟ್ಟವಾದರೆ ರಾಗಿಗೆ ನೆರಳಾಗುತ್ತದೆ.

ಬಿತ್ತನೆ

ರಾಗಿ ತಳಿಯನ್ನು ಮಳೆಯ ನಕ್ಷತ್ರಕ್ಕೆ ಹೊಂದಿಸಿಕೊಳ್ಳಿ. ಆರಿದ್ರೆ, ಪುನರ್ವಸು ಮಳೆಗೆ ಬಿತ್ತುವವರಿಗೆ 120 ದಿನ ಮೇಲ್ಪಟ್ಟ ಎಂ.ಆರ್.-6ರಂತಹ ತಳಿ, ಪುಷ್ಯ ಮಳೆಗೆ 110 ದಿನಗಳ ಆಸುಪಾಸಿನ ಜಿ.ಪಿ.ಯು.-28 ಅಥವಾ ಎಂ.ಎಲ್.-365, ಆಶ್ಲೇಷ ಮಳೆಗೆ ಸುಮಾರು 100 ದಿನಗಳ ಜಿ.ಪಿ.ಯು.-48 ಸೂಕ್ತ. ಆಶ್ಲೇಷದ ಬಿತ್ತನೆಯಲ್ಲಿ ತೊಗರಿಯನ್ನು ಕೈಬಿಟ್ಟು ಅವರೆಯನ್ನು ಮಾತ್ರ ಉಳಿಸಿಕೊಳ್ಳಿ. ಮಘೆ ಮಳೆಯವರೆಗೂ ಹೊಲ ಬರಿದಾಗಿದ್ದರೆ ರಾಗಿಯ ಆಸೆಯನ್ನು ಬಿಟ್ಟು ಹುರುಳಿ ಬಿತ್ತುವುದು ವಿವೇಕ. ಮನೆಗೆ ಕಾಳು, ದನಕ್ಕೆ ಹೊಟ್ಟು, ಮಣ್ಣಿಗೆ ಹೊದಿಕೆ ಮೂರೂ ಅದರಿಂದ ಸಿಗುತ್ತವೆ.

ಕೂರಿಗೆ ಬಿತ್ತನೆಗೆ ಎಕರೆಗೆ 4 ಕೆ.ಜಿ. ರಾಗಿ ಸಾಕು. ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ ಬೀಜವನ್ನು ಹಾಕಿ, ತೇಲುವ ಜೊಳ್ಳನ್ನು ತೆಗೆದು, ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೆಂಕಿರೋಗ ಕಾಣಿಸಿಕೊಂಡ ಹೊಲದ ಬೀಜವಾದರೆ ಕೆ.ಜಿ.ಗೆ 2 ಗ್ರಾಂ ಕಾರ್ಬೆಂಡಜಿಂ ಲೇಪಿಸಬೇಕು. ಹೀಗೆ ಉಪಚರಿಸಿ ಉಳಿದ ಬೀಜವನ್ನು ಯಾವ ಕಾರಣಕ್ಕೂ ಹಿಟ್ಟಿಗೆ ಅಥವಾ ಕೋಳಿಗೆ ಬಳಸಬಾರದು. ರಾಗಿಗೆ ಅಜೋಸ್ಪಿರಿಲಂ, ಅವರೆ ಮತ್ತು ತೊಗರಿಗೆ ರೈಜೋಬಿಯಂ ಜೈವಿಕ ಗೊಬ್ಬರವನ್ನು ಬಿತ್ತನೆಯ ದಿನವೇ, ಕೊನೆಯ ಲೇಪನವಾಗಿ ಹಾಕಿ.

ಮೇಲಿನ ಲೆಕ್ಕದ ಅವರೆ ಸಾಲಿಗೆ, ಒಂದೊಂದು ಕಡೆ ಎರಡು ಕಾಳಿನಂತೆ ಹಾಕಿದರೆ, ಎಕರೆಗೆ ಸುಮಾರು 3 ಕೆ.ಜಿ. ಬೀಜ ಬೇಕಾಗುತ್ತದೆ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತುವವರು ಒಂದು ಹಲ್ಲಿನ ರಾಗಿ ಕೊಳವೆಯನ್ನು ಮುಚ್ಚಿ, ಆ ಸಾಲಿಗೆ ಹಿಂದಿನಿಂದ ಕೈಯಲ್ಲಿ ಕಾಳು ಬಿಡಬಹುದು. ರಾಗಿಯನ್ನು 3 ಸೆಂ.ಮೀ.ಗಿಂತ ಆಳಕ್ಕೆ ಇಳಿಸಬೇಡಿ. ಅವರೆಯನ್ನು ಸ್ವಲ್ಪ ಆಳಕ್ಕೆ ಬಿತ್ತಬೇಕು. ಹಳೆಯ ಕಾಲದಲ್ಲಿ ಎರಡಕ್ಕೂ ಬೇರೆ ಬೇರೆ ಕೊಳವೆ ಇದ್ದುದರ ಅನುಕೂಲ ಇದು. ಮೊಳಕೆ ಬಂದ ಎರಡು ಮೂರು ವಾರದೊಳಗೆ ದಟ್ಟವಾದ ಕಡೆ ರಾಗಿ ಪೈರನ್ನು ಕಿತ್ತು, ಗಿಡಕ್ಕೆ 10 ಸೆಂ.ಮೀ. ಅಂತರ ಉಳಿಸಿ.

ಕಳೆ, ಕಳೆನಾಶಕ ಮತ್ತು ಬೆರಕೆ ಸೊಪ್ಪು

ಅಕ್ಕಡಿಯ ಅಳಿವು ಉಳಿವು ನಿರ್ಧಾರವಾಗುವುದು ಇಲ್ಲಿ. 2,4-ಡಿ ಮುಂತಾದ ಕಳೆನಾಶಕಗಳು ಅಗಲ ಎಲೆಯ ಗಿಡಗಳನ್ನು ಕೊಲ್ಲಲೆಂದೇ ತಯಾರಾದವು. ಅವಕ್ಕೆ ಅವರೆಯೂ ಒಂದೇ, ಕಳೆಯೂ ಒಂದೇ. ಒಂಟಿ ರಾಗಿಗೆ ಶಿಫಾರಸಾದ ಕಳೆನಾಶಕವನ್ನು ಅಕ್ಕಡಿ ಹೊಲಕ್ಕೆ ಬಳಸಿ ಸಾಲು ಕಳೆದುಕೊಂಡ ರೈತರು ಮುಂದಿನ ವರ್ಷ ಕಾಳು ಹಾಕುವುದನ್ನೇ ನಿಲ್ಲಿಸುತ್ತಾರೆ. ವಿಸ್ತರಣಾ ಕಾರ್ಯಕರ್ತರು ಕಳೆನಾಶಕವನ್ನು ಸೂಚಿಸುವ ಮೊದಲು ಹೊಲದಲ್ಲಿ ಇನ್ನೇನಿದೆ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.

ಇದಕ್ಕೆ ಬದಲಿಯಾಗಿ, ಬಿತ್ತನೆಯಾದ 25 ದಿನಗಳಿಗೆ ಮೊದಲ ಬಾರಿ, ಅನಂತರ ಹತ್ತು ಹನ್ನೆರಡು ದಿನಕ್ಕೊಮ್ಮೆಯಂತೆ ಇನ್ನೂ ಒಂದೆರಡು ಬಾರಿ ಎಡೆಕುಂಟೆ ಹೊಡೆಯಿರಿ. ಸಾಲಿನೊಳಗಿನ ಕಳೆಗೆ ಒಂದು ಕೈಗಳೆ ಸಾಕಾಗುತ್ತದೆ. ಎತ್ತಿಲ್ಲದವರು ಸೈಕಲ್ ಕುಂಟೆ ಅಥವಾ ಚಿಕ್ಕ ಪವರ್ ವೀಡರ್ ಬಳಸಬಹುದು. ಅದಕ್ಕೆ ಸಾಲಿನ ಅಂತರ ನೇರವಾಗಿರಬೇಕು, ಚೆಲ್ಲಿ ಬಿತ್ತಿದ ಹೊಲದಲ್ಲಿ ಇದಾವುದೂ ಸಾಧ್ಯವಿಲ್ಲ. ಎಡೆ ಹೊಡೆದಾಗ ಹೆಪ್ಪುಗಟ್ಟಿದ ಮಣ್ಣು ಒಡೆದು ಮುಂದಿನ ಮಳೆ ಇಂಗುವುದು ಹೆಚ್ಚುವರಿ ಲಾಭ. ಕಳೆನಾಶಕದಿಂದ ಅದು ದೊರೆಯದು.

ಕಳೆ ಎನ್ನುವ ಹೆಸರಿನಲ್ಲಿ ನಾವು ಕಿತ್ತು ಎಸೆಯುವುದರಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಗಣಿಕೆ, ಹೊನಗೊನ್ನೆ ಇವೆಲ್ಲ ಸೇರಿವೆ. ರಾಗಿ ಹೊಲದಿಂದ ಬಂದ ಬೆರಕೆ ಸೊಪ್ಪಿನ ಮಸ್ಸೊಪ್ಪು ಮಳೆಗಾಲದ ಎರಡು ತಿಂಗಳು ಈ ಭಾಗದ ಮನೆಗಳಿಗೆ ಬೆಲೆಯಿಲ್ಲದೆ ದೊರೆಯುತ್ತಿದ್ದ ತರಕಾರಿ. ಅದನ್ನು ಗುರುತಿಸುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರು. ಮಕ್ಕಳನ್ನು ಅವರೊಂದಿಗೆ ಹೊಲಕ್ಕೆ ಕಳಿಸಿ. ಗುರುತು ಖಚಿತವಿಲ್ಲದ ಎಲೆಯನ್ನು ತರಬಾರದು. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದಿಂದ, ಅದರ ಅಂಚಿನಿಂದ ಮತ್ತು ಚರಂಡಿ ನೀರು ಹರಿಯುವ ಕಡೆಯಿಂದ ಸೊಪ್ಪು ಕೀಳಬಾರದು. ಪಕ್ಕದ ಹೊಲದವರು ಸಿಂಪಡಿಸುವ ದಿನವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ರೋಗ ಮತ್ತು ಕೀಟ

ರಾಗಿಯ ಕತ್ತು ಮತ್ತು ತೆನೆಯ ಬೆಂಕಿರೋಗಕ್ಕೆ ನಿರೋಧಕ ತಳಿಯೇ ಅಗ್ಗದ ಔಷಧ, ಜಿ.ಪಿ.ಯು.-28 ಇದರಲ್ಲಿ ನಂಬಿಕೆಯುಳ್ಳದ್ದು. ಅವರೆ ಮತ್ತು ತೊಗರಿಯಲ್ಲಿ ಕಾಯಿಕೊರಕದ ಹಾವಳಿ ಹೂವಿನ ಹಂತದಿಂದ ಆರಂಭವಾಗುತ್ತದೆ. ಆಗಲೇ ಶೇ. 5ರ ಬೇವಿನ ಬೀಜದ ಕಷಾಯವನ್ನು ಸಂಜೆ ವೇಳೆಯಲ್ಲಿ ಸಿಂಪಡಿಸಿ. ಹಸಿಕಾಯಿ ಕೀಳುವ ಹೊಲಕ್ಕೆ ರಾಸಾಯನಿಕ ಕೀಟನಾಶಕ ಅನಿವಾರ್ಯವಾದರೆ, ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಡಬ್ಬಿಯ ಚೀಟಿಯಲ್ಲಿ ಓದಿ ಪಾಲಿಸಬೇಕು. ಸೊಗಡಿಗೆಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಕಾಯಿಯನ್ನು ತೊಳೆಯದೆಯೇ ಮೂಸುತ್ತಾರೆ ಎಂಬುದು ನೆನಪಿರಲಿ.

ಕಟಾವು ಯಂತ್ರ ಬರುವ ಊರುಗಳಲ್ಲಿ

ಆಳು ಸಿಗದ ಊರಿನಲ್ಲಿ ಯಂತ್ರ ಬೇಡವೆಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ರಾಗಿ ಮಾಗುವ ನವೆಂಬರ್ ತಿಂಗಳಲ್ಲಿ ನಾಟಿ ಅವರೆ ಹೂವಿನಲ್ಲಿರುತ್ತದೆ, ತೊಗರಿ ಎದೆಯೆತ್ತರಕ್ಕೆ ನಿಂತಿರುತ್ತದೆ. ಯಂತ್ರ ಓಡಿದರೆ ಎರಡೂ ಹೋಗುತ್ತವೆ. ಇಂತಹ ಕಡೆ ಸಾಲಿನ ಬದಲು ಪಟ್ಟಿಯಲ್ಲಿ ಬಿತ್ತಿ. ನಿಮ್ಮ ಊರಿಗೆ ಬರುವ ಯಂತ್ರದ ಕತ್ತರಿಯ ಅಗಲವನ್ನು ಬಿತ್ತನೆಗೆ ಮೊದಲೇ ವಿಚಾರಿಸಿ. ಉದಾಹರಣೆಗೆ, ಕತ್ತರಿ 7 ಅಡಿ ಅಗಲವಿದ್ದರೆ ಎರಡು ಓಟಕ್ಕೆ 14 ಅಡಿ. ಒಂದು ಅಡಿಯನ್ನು ಕೈತಪ್ಪಿಗೆ ಕಳೆದು, ಸುಮಾರು 13 ಸಾಲು ರಾಗಿಯ ಪಟ್ಟಿ ಹಾಕಿ, ಅದರ ಪಕ್ಕ ಮೂರು ನಾಲ್ಕು ಸಾಲಿನ ಕಾಳಿನ ಪಟ್ಟಿ ಹಾಕಬಹುದು. ಯಂತ್ರ ತಿರುಗುವ ಹೊಲದ ಎರಡು ತುದಿಗಳಲ್ಲಿ ಕಾಳು ಬೇಡ. ಅಲ್ಲಿ ಮೇವಿನ ಜೋಳ ಬಿತ್ತಿ ಮೊದಲೇ ಕೊಯ್ದುಕೊಳ್ಳಿ. ಹಬ್ಬುವ ನಾಟಿ ಅವರೆ ರಾಗಿ ಪಟ್ಟಿಯೊಳಗೆ ನುಗ್ಗುವುದರಿಂದ ಪಟ್ಟಿ ಬಿತ್ತನೆಗೆ ಪೊದೆ ಮಾದರಿಯ ಹೆಬ್ಬಾಳ ಅವರೆ ಅಥವಾ ತೊಗರಿಯನ್ನು ಆರಿಸಿ. ಸಾಲು ಸಾಲಾಗಿ ಬೆರೆತ ಹೊಲದಷ್ಟು ನೀರು ಮತ್ತು ಬೆಳಕಿನ ಹೊಂದಾಣಿಕೆ ಇದರಲ್ಲಿ ದೊರೆಯುವುದಿಲ್ಲವಾದರೂ ಮನೆಯ ಬೇಳೆ ಉಳಿಯುತ್ತದೆ.

ದನ ಸಾಕಿದವರು ಇನ್ನೊಂದನ್ನು ಲೆಕ್ಕ ಹಾಕಬೇಕು. ಯಂತ್ರದ ಕಟಾವಿನಲ್ಲಿ ರಾಗಿ ಹುಲ್ಲು ತುಳಿತಕ್ಕೆ ಸಿಕ್ಕಿ, ಬುಡದ ಭಾಗ ಹೊಲದಲ್ಲೇ ಉಳಿಯುತ್ತದೆ. ಕೂಲಿಯಲ್ಲಿ ಉಳಿದ ಹಣವನ್ನು ಬೇಸಿಗೆಯಲ್ಲಿ ಮೇವು ಕೊಳ್ಳಲು ತೆತ್ತರೆ ಉಳಿತಾಯವಾಗುವುದಿಲ್ಲ. ಮನೆಗೆ ಬೇಕಾದಷ್ಟು ರಾಗಿಯ ಭಾಗವನ್ನು ಮುಯ್ಯಾಳಿನಿಂದ ಕೊಯ್ದು, ಮಾರುವ ಭಾಗವನ್ನು ಯಂತ್ರಕ್ಕೆ ಬಿಡುವುದು ಹಲವರಿಗೆ ಒಗ್ಗಬಹುದಾದ ದಾರಿ.

ಬೀಜ ಮತ್ತು ಸಂಗ್ರಹಣೆ

ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೊಲದ ನಡುಭಾಗದಿಂದ, ಒಂದೇ ಎತ್ತರದ, ರೋಗವಿಲ್ಲದ ಗಿಡಗಳ ತೆನೆಗಳನ್ನು ಕಟಾವಿಗೆ ಮೊದಲೇ ಆರಿಸಿಟ್ಟರೆ ಮೂರು ನಾಲ್ಕು ವರ್ಷ ಅದೇ ಬೀಜವನ್ನು ಬಳಸಬಹುದು. ತೊಗರಿಯಲ್ಲಿ ಜೇನಿನಿಂದ ಬೆರಕೆಯಾಗುತ್ತದೆ. ಎರಡು ತಳಿಗಳು ಅಕ್ಕಪಕ್ಕದಲ್ಲಿದ್ದರೆ ಬೀಜಕ್ಕೆ ಇಡಬೇಡಿ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರಂತೆ ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಮತ್ತು ಮಾರುವ ಹಕ್ಕು ರೈತರಿಗಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ.

ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದಲೇ ನಮ್ಮ ಹಿರಿಯರು ಅದನ್ನು ನೆಲದೊಳಗಿನ ಹಗೇವಿನಲ್ಲಿ ಬರಗಾಲಕ್ಕೆ ಇಡುತ್ತಿದ್ದರು. ಕಾಳುಗಳಿಗೆ ಆ ಭಾಗ್ಯವಿಲ್ಲ. ಅವರೆ ಮತ್ತು ತೊಗರಿಯನ್ನು ಕಾಳುಜೀರುಂಡೆ ಹೊಲದಿಂದಲೇ ಹಿಂಬಾಲಿಸಿ ಬರುತ್ತದೆ. ಕಚ್ಚಿದರೆ ಕಟ್ಟೆಂದು ಒಡೆಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಕೆ.ಜಿ.ಗೆ 5 ಮಿ.ಲೀ. ಹರಳೆಣ್ಣೆಯನ್ನು ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ ಕ್ರಮವೂ ಒಳ್ಳೆಯದೇ. ಬೇಳೆ ಮಾಡಿಟ್ಟ ಕಾಳಿಗೆ ಹುಳು ಕಡಿಮೆ.

ಮಾರುವವರಿಗೆ ಮತ್ತು ಕೊಳ್ಳುವವರಿಗೆ

ಬೆಂಬಲ ಬೆಲೆಯ ಖರೀದಿಗೆ ಫ್ರೂಟ್ಸ್ ನೋಂದಣಿ ಸಂಖ್ಯೆ ಅಗತ್ಯ. ಅದರಲ್ಲಿ ಬೆಳೆ ವಿವರ ಸರಿಯಾಗಿದೆಯೇ ಎಂದು ಕಟಾವಿಗೆ ಮೊದಲೇ ನೋಡಿಕೊಳ್ಳಿ. 2025–26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ ರೂ. 4,886 ನಿಗದಿಪಡಿಸಿದೆ. ಮನೆಗೆ ಬೇಕಾದುದನ್ನು ಎತ್ತಿಟ್ಟ ಮೇಲೆ ಮಾತ್ರ ಉಳಿದುದನ್ನು ಅಳೆಯಿರಿ. ಇಡೀ ಬೆಳೆಯನ್ನು ಕೊಟ್ಟು, ಆರು ತಿಂಗಳ ನಂತರ ರಾಗಿ ಹಿಟ್ಟನ್ನೇ ಪೊಟ್ಟಣದಲ್ಲಿ ಕೊಳ್ಳುವ ಬೆಳೆಗಾರರೂ ಇದ್ದಾರೆ.

ಬೆಳೆದ ಕಾಳನ್ನು ಹಾಗೆಯೇ ಮಾರುವ ರೈತರಿಗೆ ಆಹಾರ ಸುರಕ್ಷತಾ ಕಾಯಿದೆಯ ನೋಂದಣಿ ಬೇಕಿಲ್ಲ. ಹಿಟ್ಟು ಅಥವಾ ಹುರಿಹಿಟ್ಟು ಮಾಡಿ ಪೊಟ್ಟಣ ಕಟ್ಟಿ ಮಾರುವ ಸ್ವಸಹಾಯ ಗುಂಪುಗಳಿಗೆ ಬೇಕು. ಪೊಟ್ಟಣದ ಮೇಲೆ ಸಾವಯವ ಎಂದು ಮುದ್ರಿಸಲು ಪ್ರಮಾಣೀಕರಣವೂ ಬೇಕು. ಕನಿಷ್ಠ ಐವರು ರೈತರ ಗುಂಪು ಪಿ.ಜಿ.ಎಸ್.-ಇಂಡಿಯಾ ವ್ಯವಸ್ಥೆಯಲ್ಲಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸಿ ಇದನ್ನು ಪಡೆಯಬಹುದು. ಪ್ರಮಾಣಪತ್ರವಿಲ್ಲದವರು ಆ ಪದವನ್ನು ಬಿಟ್ಟು, ಯಾವ ಊರಿನ ಹೊಲ, ಯಾವ ತಳಿ, ಏನು ಸಿಂಪಡಿಸಿದ್ದೇವೆ ಎಂಬುದನ್ನು ನೇರವಾಗಿ ತಿಳಿಸುವುದು ಪ್ರಾಮಾಣಿಕ ಮಾರ್ಗ.

ಪಟ್ಟಣದಲ್ಲಿದ್ದು ಹಳ್ಳಿಯಿಂದ ನೇರವಾಗಿ ಧಾನ್ಯ ತರಿಸಿಕೊಳ್ಳುವವರು ರಾಗಿಯನ್ನಷ್ಟೇ ಕೇಳದೆ ಅದೇ ಹೊಲದ ಅವರೆ, ಹುಚ್ಚೆಳ್ಳು, ಸಾಸಿವೆಯನ್ನೂ ಕೇಳಿ. ಕೊಳ್ಳುವವರಿದ್ದರೆ ಸಾಲು ಬೀಳುತ್ತದೆ. ಮಾತು ಬಿತ್ತನೆಗೆ ಮೊದಲು ಆಗಬೇಕು. ಅಂದರೆ ಮೇ ತಿಂಗಳ ಕೊನೆಯೊಳಗೆ, ಎಷ್ಟು ಕೆ.ಜಿ. ಮತ್ತು ಯಾವ ಬೆಲೆ ಎಂಬುದನ್ನು ಬರೆದುಕೊಂಡು, ಬೀಜದ ಖರ್ಚಿನಷ್ಟಾದರೂ ಮುಂಗಡ ಕೊಡಿ. ಹೊಸದಾಗಿ ಅಕ್ಕಡಿ ಹಾಕುವ ರೈತರು ಮೊದಲ ವರ್ಷ ಇಡೀ ಹೊಲಕ್ಕೆ ಹೋಗದೆ, ಮನೆಗೆ ಹತ್ತಿರದ ಹತ್ತು ಗುಂಟೆಯಲ್ಲಿ ಆರಂಭಿಸಿ, ಪಕ್ಕದ ಹತ್ತು ಗುಂಟೆ ಒಂಟಿ ರಾಗಿಯೊಂದಿಗೆ ಕಾಳು, ಹುಲ್ಲು, ಕೂಲಿ ಮೂರನ್ನೂ ತೂಗಿ ಬರೆದಿಡಿ. ಆ ಪುಸ್ತಕವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿದರೆ ಮುಂದಿನ ಮುಂಗಾರಿಗೆ ನಿಮ್ಮ ಹೊಲಕ್ಕೆ ಹೊಂದುವ ಸಾಲಿನ ಅನುಪಾತವನ್ನು ಕುಳಿತು ನಿರ್ಧರಿಸಬಹುದು.